ಮೇಷ್ಟ್ರು ಹತ್ತದ ಗಾಡಿ

ಹುಲ್ಲು ಕತ್ತರಿಸುವ ಆ ಗಾಡಿ ನಮ್ಮ ಮೇಷ್ಟ್ರನ್ನು ಕೊಲ್ಲಲಿಲ್ಲ. ಅವರ ಎದೆಯೊಳಗಿನ ರಕ್ತನಾಳ ಮೊದಲೇ ಕಟ್ಟಿಕೊಂಡಿತ್ತು, ಕೊಂದದ್ದು ಅದು. ಗಾಡಿಯ ಮೇಲೆ ಅವರು ಒಂದು ಸಲವೂ ಕೂರಲಿಲ್ಲ. ಅದಕ್ಕೆ ಕಾರಣ ಅವರದೇ ಹಟ. ನಡೆದದ್ದು ಇಷ್ಟೇ. ಇದರ ಮೇಲೆ ಯಾರು ಏನು ಸೇರಿಸಿ ಹೇಳಿದರೂ ಅದು ಅವರವರ ದುಃಖ ಆಡಿಸಿದ ಮಾತು.

ಅವರ ಬೆರಳು ನೋಡಿದರೆ ಸಾಕು, ಕೈಕೆಲಸ ಮಾಡಿದ ಮನುಷ್ಯ ಅಲ್ಲ ಅಂತ ಗೊತ್ತಾಗುತ್ತಿತ್ತು. ಉದ್ದನೆಯ ಬೆಳ್ಳಗಿನ ಬೆರಳುಗಳು, ಒಪ್ಪವಾಗಿ ಕತ್ತರಿಸಿದ ಉಗುರು. ಕೊನೆಯ ಕೆಲವು ತಿಂಗಳು ಮಾತ್ರ ಆ ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸ್ ಕೂತುಬಿಟ್ಟಿತ್ತು. ಅವರ ಹೆಂಡತಿ ನಿಂಬೆಸಿಪ್ಪೆ ಕೊಟ್ಟು ಉಜ್ಜಿಕೊಳ್ಳಿ ಅನ್ನುತ್ತಿದ್ದರು. ಇವರು ಉಜ್ಜಿದ ಹಾಗೆ ಮಾಡಿ ಹಾಗೇ ಬಿಡುತ್ತಿದ್ದರು. ಮದುವೆಮನೆಯಿಂದ ಬಂದ ಹುಡುಗಿ ಗೋರಂಟಿ ನೋಡಿಕೊಂಡ ಹಾಗೆ ಲಿಫ್ಟಿನಲ್ಲಿ ನಿಂತು ತಮ್ಮ ಕೈ ತಾವೇ ನೋಡಿಕೊಳ್ಳುತ್ತಿದ್ದರು. ಮುದುಕ.

ಪಾಸಿರ್ ರಿಸ್‌ನಲ್ಲಿ ನಮ್ಮದೂ ಅವರದೂ ಒಂದೇ ಬ್ಲಾಕು. ಮೊಮ್ಮಗಳನ್ನು ನೋಡಿಕೊಳ್ಳಲು ಮಂಡ್ಯದಿಂದ ಈ ಪರದೇಶಕ್ಕೆ ಬಂದವಳು ನಾನು. ಅಲ್ಲಿ ಮೆಸ್ ನಡೆಸುತ್ತಿದ್ದೆ. ಓದು ಪ್ರೈಮರಿಗೇ ಮುಗಿಯಿತು. ಲೆಕ್ಕ ಬರುತ್ತದೆ, ಬೈಗುಳ ಬರುತ್ತದೆ, ಇವೆರಡರಲ್ಲೇ ಜೀವನ ನಡೆದಿದೆ. ಇಲ್ಲಿಗೆ ಬಂದ ಹೊಸದರಲ್ಲಿ ಲಿಫ್ಟೆಂದರೆ ನನ್ನ ಕೈಕಾಲು ತಣ್ಣಗಾಗುತ್ತಿತ್ತು. ಮಗಳು, ಅಳಿಯ ಆಫೀಸಿಗೆ ಹೋದ ಮೇಲೆ ಮಗುವನ್ನು ಕಂಕುಳಿಗೆ ಹಾಕಿಕೊಂಡು ಮೆಟ್ಟಿಲಲ್ಲೇ ಇಳಿಯುತ್ತಿದ್ದೆ. ಒಂದು ದಿನ ಮೆಟ್ಟಿಲ ತಿರುವಿನಲ್ಲಿ ಏದುಸಿರು ಬಿಡುತ್ತ ಕೂತಿದ್ದಾಗ ಇವರು ಕೊಡೆ ಹಿಡಿದುಕೊಂಡು ಇಳಿದು ಬಂದರು. ಅವತ್ತು ವ್ಯಾಯಾಮಕ್ಕೆ ಮೆಟ್ಟಿಲು ಹಿಡಿದಿದ್ದರಂತೆ. ನಾನು ಮಗುವಿನ ಜೊತೆ ಆಡುತ್ತಿದ್ದ ಮಾತು ಕಿವಿಗೆ ಬಿದ್ದಿತ್ತೇನೋ, ಸೀದಾ ಕನ್ನಡದಲ್ಲೇ ಕೇಳಿದರು.

“ಲಿಫ್ಟ್ ಕೆಟ್ಟಿದೆಯೇನ್ರಿ?”

“ಲಿಫ್ಟ್ ನೆಟ್ಟಗಿದೆ. ನಾನು ನೆಟ್ಟಗಿಲ್ಲ. ಹಗ್ಗ ಕಿತ್ಕೊಂಡ್ರೆ?”

ಬೇರೆ ಯಾರಾದರೂ ನಗುತ್ತಿದ್ದರು. ಇವರು ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲೇ ಕೂತು, ಬಾವಿಯ ರಾಟೆ ನೋಡಿದ್ದೀರಲ್ಲ, ಅದರ ಒಂದು ಬದಿಗೆ ನಾವು, ಇನ್ನೊಂದು ಬದಿಗೆ ಭಾರದ ಕಬ್ಬಿಣ ಅಂತ ಶುರು ಮಾಡಿದವರು ಮಗು ಅಳುವ ತನಕ ನಿಲ್ಲಿಸಲಿಲ್ಲ. ಕೊನೆಗೆ, “ತತ್ವ ಅರ್ಥ ಆಯ್ತಾ?” ಅಂದರು. ಅರ್ಥವಾಗಲಿಲ್ಲ. ಆದರೆ ಹಗ್ಗ, ಭಾರ ಅಂತ ಇಷ್ಟೆಲ್ಲ ಯೋಚನೆ ಮಾಡುವ ಮನುಷ್ಯನೇ ದಿನಾ ಹತ್ತಿ ಇಳಿದು ಬದುಕಿದ್ದಾನಲ್ಲ ಅಂತ ಧೈರ್ಯ ಬಂತು. ಅವತ್ತಿನಿಂದ ಲಿಫ್ಟ್ ಹತ್ತಿದೆ.

ಅವರು ಇಲ್ಲಿಯ ಒಂದು ಕಾಲೇಜಿನಲ್ಲಿ ಎಂಜಿನ್ನಿನ ಪಾಠ ಹೇಳಿ ರಿಟೈರ್ ಆದವರು. ಪಾಠ ಹೇಳುವವರೆಲ್ಲ ನನಗೆ ಮೇಷ್ಟ್ರೇ, ಹಾಗೇ ಕರೆದೆ. ಮನೆಗೆ ಬಂದರೆ ಕುಕ್ಕರ್ ಯಾಕೆ ಕೂಗುತ್ತದೆ ಅಂತ ನನಗೇ ವಿವರಿಸುತ್ತಿದ್ದರು. “ತತ್ವ ನೀವಿಟ್ಕೊಳ್ಳಿ ಮೇಷ್ಟ್ರೇ, ಬೇಳೆ ಬೆಂದಿದೆ, ಏಳಿ ಊಟಕ್ಕೆ” ಅನ್ನುತ್ತಿದ್ದೆ. ಅವರ ಮನೆಯಲ್ಲಿ ನಲ್ಲಿ ಸೋರಿದರೆ ಪ್ಲಂಬರ್ ಬರಬೇಕು. ಬಲ್ಬ್ ಹೋದರೆ ಹೆಂಡತಿ ಸ್ಟೂಲ್ ಹತ್ತಬೇಕು. “ಇವರ ಎಂಜಿನ್ನೆಲ್ಲ ಬೋರ್ಡಿನ ಮೇಲೇ ಓಡಿದ್ದು” ಅಂತ ಆಕೆ ಎಲ್ಲರೆದುರೂ ಹೇಳುತ್ತಿದ್ದರು. ಇವರೂ ನಗುತ್ತಿದ್ದರು. ದೇವರು ಅಂದರೆ ಮೂಗು ಮುರಿಯುತ್ತಿದ್ದರು. ಗಣೇಶನ ಹಬ್ಬದ ದಿನ ನಮ್ಮ ಮನೆಗೆ ಪೂಜೆ ಮುಗಿದ ಮೇಲೆ, ಕಡುಬಿನ ಹೊತ್ತಿಗೆ ಸರಿಯಾಗಿ ಬರುತ್ತಿದ್ದರು.

ಗಾಡಿ ಸಿಕ್ಕಿದ್ದು ಮೊಮ್ಮಗಳಿಗೆ. ನಮ್ಮ ಬ್ಲಾಕಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಗಿಡದ ನರ್ಸರಿ ಇತ್ತು. ಅದರ ಯಜಮಾನ ಒಬ್ಬ ಚೀನೀಯ. ಎಲ್ಲರೂ ಟೌಕೆ ಅನ್ನುತ್ತಿದ್ದರು, ಇಲ್ಲಿ ಧಣಿಗೆ ಹಾಗೆನ್ನುತ್ತಾರೆ. ನಾನು ವೀಳ್ಯದೆಲೆ, ಕರಿಬೇವಿಗೆ ಹೋಗುತ್ತಿದ್ದೆ. ಜೂನ್ ರಜೆಯಲ್ಲಿ ಒಂದು ದಿನ ಜೊತೆಗೆ ಬಂದ ಮೊಮ್ಮಗಳು ಹಿಂದುಗಡೆ ಹೋಗಿ ಕೂಗಿದಳು. ಆಗ ಅವಳು ಸೆಕೆಂಡರಿ ಸ್ಕೂಲು. ಆಟದ ಸಾಮಾನಿನಿಂದ ಹಿಡಿದು ಫ್ಯಾನಿನ ತನಕ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿಡುವ ಹುಡುಗಿ. ಹೋಗಿ ನೋಡಿದರೆ ಬಳ್ಳಿಯ ಕೆಳಗೆ ಒಂದು ಕಬ್ಬಿಣದ ಮುದ್ದೆ. ಮೇಲೆ ಕೂತು ಓಡಿಸಿಕೊಂಡು ಹೋಗುವ ಹುಲ್ಲಿನ ಯಂತ್ರ. ಚಕ್ರಗಳಿಲ್ಲ, ಸೀಟಿಲ್ಲ, ಎಂಜಿನ್ನಿನ ಮುಚ್ಚಳದೊಳಗೆ ಹಲ್ಲಿಗಳ ಸಂಸಾರ. ಯಾವನೋ ಹುಲ್ಲಿನ ಕಾಂಟ್ರಾಕ್ಟರ್ ಬಿಟ್ಟು ಹೋದದ್ದು.

“ಅಜ್ಜೀ, ಇದನ್ನ ರಿಪೇರಿ ಮಾಡ್ಬಹುದು.”

“ಇದನ್ನ ಮಣ್ಣು ಮಾಡ್ಬಹುದು” ಅಂದೆ.

ಟೌಕೆ ನಕ್ಕು, ಮಾತಿನ ಕೊನೆಗೆ ‘ಲಾ’ ಹಚ್ಚುವ ಇಲ್ಲಿಯವರ ಇಂಗ್ಲಿಷಿನಲ್ಲಿ ಅಂದ, “ಟೇಕ್ ಲಾ, ಗರ್ಲ್. ಬಟ್ ಎಂಜಿನ್ ಡೈ ಆಲ್ರೆಡಿ.” ವರ್ಷದ ಕೊನೆಗೆ ಅವನ ಜಾಗದ ಲೀಸ್ ಮುಗಿದು ಸರ್ಕಾರಕ್ಕೆ ವಾಪಸ್ ಹೋಗುವುದಿತ್ತು. ಅಲ್ಲಿಯ ತನಕ ಶೆಡ್ಡಿನಲ್ಲಿ ಏನು ಬೇಕಾದರೂ ಮಾಡಿಕೊ, ಓಡಿದರೆ ನನ್ನ ತಮ್ಮನ ತೋಟಕ್ಕೆ ಕಳಿಸೋಣ, ಓಡದಿದ್ದರೆ ಗುಜರಿ ಲಾರಿಗೆ ಅಂದ.

ಅವತ್ತು ಲಿಫ್ಟಿನಲ್ಲಿ ಮೊಮ್ಮಗಳು ಗೆಳತಿಗೆ ಫೋನಿನಲ್ಲಿ “ಎಂಜಿನ್ ಸೀಜ್ ಆಗಿದೆ” ಅನ್ನುತ್ತಿದ್ದಳು. ಮೂಲೆಯಲ್ಲಿ ಮೇಷ್ಟ್ರು ನಿಂತಿದ್ದರು. ಅವರ ಕಿವಿ ನೆಟ್ಟಗಾಯಿತು.

“ಎಷ್ಟು ದಿನದಿಂದ ನಿಂತಿತ್ತಮ್ಮ?”

“ಗೊತ್ತಿಲ್ಲ ತಾತ. ಇಯರ್ಸ್.”

“ಹಾಗಾದ್ರೆ ಸೀಜ್ ಆಗಿರಲ್ಲ, ತುಕ್ಕಿಗೆ ಅಂಟ್ಕೊಂಡಿರುತ್ತೆ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.” ನಮ್ಮ ಮಹಡಿ ಬಂತು. ನಾವಿಳಿದೆವು. ಅವರೂ ಇಳಿದರು, ಅವರ ಮನೆ ಇನ್ನೂ ಮೇಲಿತ್ತು. ನಮ್ಮ ಬಾಗಿಲಲ್ಲಿ ನಿಂತು ವ್ಯತ್ಯಾಸವನ್ನು ಪೂರ್ತಿ ಹೇಳಿಯೇ ಹೋದರು.

ಮಾರನೇ ದಿನ ಇಸ್ತ್ರಿ ಮಾಡಿದ ಪ್ಯಾಂಟು, ಕಾಲುಚೀಲದ ಮೇಲೆ ಚಪ್ಪಲಿ, ಕೈಯಲ್ಲಿ ಕೊಡೆ, ಹೀಗೆ ನರ್ಸರಿಗೆ ಬಂದರು. ದೂರದಲ್ಲಿ ನಿಂತು ಕೊಡೆಯ ತುದಿಯಿಂದ ತೋರಿಸುತ್ತಾ ಪಾಠ ಶುರು ಮಾಡಿದರು. ಮೊಮ್ಮಗಳು ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಸ್ಪ್ಯಾನರನ್ನು ಅವರ ಕೈಗೆ ಕೊಟ್ಟು, “ತಾತ, ಯು ಡೂ ಲಾ” ಅಂದಳು.

ಅವರು ಕೊಡೆ ನನ್ನ ಕೈಗೆ ಕೊಟ್ಟರು. ಸ್ಪ್ಯಾನರ್ ಹಿಡಿದರು, ತಿರುಗಿಸಿದರು, ಇನ್ನೂ ಬಲ ಹಾಕಿ ತಿರುಗಿಸಿದರು. ಟಕ್ ಅಂತು. ಬೋಲ್ಟಿನ ತಲೆ ಮುರಿದು ನೆಲಕ್ಕೆ ಬಿತ್ತು.

“ತಾತಾ! ಟೈಟ್ ಮಾಡೋ ಕಡೆ ತಿರುಗಿಸಿದ್ರಿ!”

ನಾನು ಬಯ್ಯುತ್ತಾರೆ ಅಂದುಕೊಂಡೆ, ಇಲ್ಲ ನೆಪ ಹೇಳುತ್ತಾರೆ ಅಂದುಕೊಂಡೆ. ಅವರು ಬಗ್ಗಿ ಆ ಮುರಿದ ತಲೆ ಎತ್ತಿಕೊಂಡು ಬಿಸಿಲಿಗೆ ಹಿಡಿದು ನೋಡಿದರು. “ಬೋಲ್ಟ್ ಎಲ್ಲಿ ಮುರಿಯುತ್ತೆ ಅಂತ ಜನ್ಮಪೂರ್ತಿ ಪಾಠ ಹೇಳಿದೀನಿ. ನನ್ನ ಕೈಯಲ್ಲಿ ಮುರಿದಿದ್ದು ಇವತ್ತೇ ನೋಡಮ್ಮ” ಅಂದರು. ಬೇಜಾರಿನ ದನಿಯಲ್ಲ ಅದು. ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಇಟ್ಟುಕೊಂಡರು. ಮಾರನೇ ದಿನ ಹಳೇ ಪ್ಯಾಂಟು ಹಾಕಿಕೊಂಡು ಬಂದರು.

ಹೀಗೆ ಶುರುವಾಯಿತು. ಅವರು ಎಂಜಿನ್ನಿನೊಳಕ್ಕೆ ಎಣ್ಣೆ ಬಿಟ್ಟು ಕಾಯಬೇಕು ಅಂದರೆ ಇವಳಿಗೆ ತಾಳ್ಮೆ ಇಲ್ಲ, ಸುತ್ತಿಗೆ ತರುತ್ತಿದ್ದಳು. “ಹೊಡೀಬೇಡ, ನೆನೀಲಿ. ನಿಮ್ಮಜ್ಜಿ ಕಡಲೆ ನೆನೆಹಾಕಲ್ವಾ?” ಅಂತ ತಡೆಯುತ್ತಿದ್ದರು. ದಿನಾ ಸಂಜೆ ಬಂದು ಎಣ್ಣೆ ಬಿಡುವುದು, ಎಂಜಿನ್ನಿನ ದೊಡ್ಡ ಗಾಲಿಯನ್ನು ಅಲುಗಾಡಿಸಿ ನೋಡುವುದು. ಅದು ಕಲ್ಲಿನ ಹಾಗೆ ಇರುತ್ತಿತ್ತು. ಒಂದು ಸಂಜೆ ಬೆರಳಿನಷ್ಟು ಜರುಗಿತು. ಇಬ್ಬರೂ ಕಿರುಚಿದ್ದಕ್ಕೆ ಟೌಕೆ ಹಾವು ಬಂತು ಅಂತ ದೊಣ್ಣೆ ಹಿಡಿದು ಓಡಿ ಬಂದ. ಮೇಷ್ಟ್ರು ಅಲ್ಲಿಂದಲೇ ಹೆಂಡತಿಗೆ ಫೋನ್ ಮಾಡಿ, “ಜರುಗ್ತು ಕಣೇ” ಅಂದರು. ಆಕೆ ಏನು ಅಂದರೋ ಗೊತ್ತಿಲ್ಲ, ಇವರು ಫೋನನ್ನು ಕಿವಿಯಿಂದ ದೂರ ಹಿಡಿದುಕೊಂಡರು.

ಆಕೆಯ ಸಿಟ್ಟಿಗೂ ಅರ್ಥವಿತ್ತು. “ರಿಟೈರ್ ಆದೋರೆಲ್ಲ ಮೊಮ್ಮಕ್ಕಳನ್ನ ಎತ್ಕೊಂಡು ಓಡಾಡ್ತಾರೆ. ಇವರು ಚಕ್ರ ಎತ್ಕೊಂಡು ಬರ್ತಾರೆ” ಅಂತ ವಾಯ್ಡ್ ಡೆಕ್ಕಿನ, ಅಂದರೆ ಬ್ಲಾಕಿನ ಕೆಳಗಿನ ಖಾಲಿ ಜಾಗದ, ಕಲ್ಲುಬೆಂಚಿನ ಮೇಲೆ ಕೂತು ನನ್ನ ಹತ್ತಿರ ಗೊಣಗುತ್ತಿದ್ದರು. ನಿಜವಾಗಿಯೂ ಚಕ್ರ ಎತ್ತಿಕೊಂಡು ಬಂದಿದ್ದೆವು. ಹೊಸ ಸಾಮಾನು ತಂದರೆ ಅದು ರಿಪೇರಿಯಲ್ಲ, ಶಾಪಿಂಗ್ ಅನ್ನುವುದು ಮೊಮ್ಮಗಳ ನಿಯಮ. ಸೀಟು ಯಾವುದೋ ಹಳೇ ಸ್ಕೂಲ್ ಬಸ್ಸಿನದು. ಬ್ಯಾಟರಿ ಒಬ್ಬ ಮುದುಕಿಯ ವೀಲ್‌ಚೇರ್ ಗಾಡಿಯದು. ಚಕ್ರಕ್ಕೆ ಬೂನ್ ಲೇ ಕಡೆಯ ಗುಜರಿ ಅಂಗಡಿಗೆ ಹೋಗಬೇಕಾಯಿತು. ಊರಿನ ಈ ತುದಿಯಿಂದ ಆ ತುದಿಗೆ ಎಂಆರ್‌ಟಿ ರೈಲಿನಲ್ಲಿ. ಗಾಲ್ಫ್ ಆಡುವವರ ಪುಟ್ಟ ಕಾರಿನ ಚಕ್ರಗಳು ಸಿಕ್ಕವು. ಅವನ್ನು ನನ್ನ ಹಳೇ ಸೀರೆಯಲ್ಲಿ ಗಂಟು ಕಟ್ಟಿ, ಒಬ್ಬೊಬ್ಬರು ಒಂದೊಂದು ಗಂಟು ತಂದೆವು. ಮೊಮ್ಮಗಳು ಬಾಗಿಲ ಹತ್ತಿರ ನೆಲದಲ್ಲೇ ಗಂಟಿನ ಮೇಲೆ ಕೂತು ಫೋನ್ ನೋಡುತ್ತಿದ್ದಳು. ಮೇಷ್ಟ್ರು ಸೀಟಿನಲ್ಲಿ ಕೂತು ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಎದುರಿನ ಚೀನೀ ಮಗು ಕಣ್ಣು ಬಿಟ್ಟು ನೋಡುತ್ತಿತ್ತು.

ಆಗಲೇ ಅವರು ಆ ವಿಷಯ ಹೇಳಿದ್ದು.

“ದಸರಾ ಆದ್ಮೇಲೆ ನನಗೊಂದು ಆಪರೇಷನ್ ಇದೆ. ಹಾರ್ಟಿಗೆ. ಬೈಪಾಸ್ ಮಾಡ್ತಾರಂತೆ.”

“ಹಾಗಂದ್ರೆ?”

“ರಸ್ತೆ ಕಟ್ಕೊಂಡಿದೆ, ಪಕ್ಕದಲ್ಲಿ ಇನ್ನೊಂದು ರಸ್ತೆ ಹಾಕ್ತಾರೆ. ತತ್ವ ಅಷ್ಟೇ.”

“ಮತ್ತೆ ಈ ಚಕ್ರ ಯಾಕ್ರೀ ಹೊತ್ಕೊಂಡು ಬಂದ್ರಿ? ಬುದ್ಧಿ ಇದೆಯಾ ನಿಮಗೆ?”

“ಡಾಕ್ಟರಿಗೂ ಗೊತ್ತು, ನಮ್ಮವಳಿಗೂ ಗೊತ್ತು. ಮೆಲ್ಲಗೆ ಓಡಾಡಿ ಅಂದಿದಾರೆ, ಓಡಾಡ್ತಿದೀನಿ. ನಿಮ್ಮ ಮೊಮ್ಮಗಳಿಗೆ ಹೇಳ್ಬೇಡಿ. ಗೊತ್ತಾದ್ರೆ ನನ್ನ ಕೈಗೆ ಸ್ಪ್ಯಾನರ್ ಕೊಡೋದು ನಿಲ್ಲಿಸ್ತಾಳೆ. ಮತ್ತೆ ಕೊಡೆ ಹಿಡ್ಕೊಂಡು ನಿಲ್ಲಬೇಕಾಗುತ್ತೆ.”

ನಾನು ಅವಳಿಗೆ ಹೇಳಲಿಲ್ಲ. ಆದರೆ ಅವತ್ತಿನಿಂದ ಭಾರದ ಸಾಮಾನನ್ನು ಅವರ ಕೈಗೆ ಹೋಗಲು ಬಿಡಲಿಲ್ಲ. ಏನಾದರೂ ಎತ್ತಲು ಬಗ್ಗಿದರೆ, “ಮೇಷ್ಟ್ರೇ, ಬೆಲ್ಟು ಯಾಕೆ ಜಾರುತ್ತೆ?” ಅಂತ ಕೇಳಿಬಿಡುತ್ತಿದ್ದೆ. ಅವರು ನೆಟ್ಟಗೆ ನಿಂತು ವಿವರಿಸಲು ಶುರು ಮಾಡುತ್ತಿದ್ದರು. ಅಷ್ಟರಲ್ಲಿ ಟೌಕೆ ಎತ್ತಿಡುತ್ತಿದ್ದ.

ಸೆಪ್ಟೆಂಬರಿನಲ್ಲಿ ಎಂಜಿನ್ನನ್ನು ಮರದ ದಿಮ್ಮಿಗೆ ಬಿಗಿದು ಸ್ಟಾರ್ಟ್ ಮಾಡಿದರು. ಕೆಮ್ಮಿತು, ಉಗುಳಿತು, ಬಿಳಿ ಹೊಗೆ ಬಿಟ್ಟಿತು, ಆಮೇಲೆ ಹಿಡಿಯಿತು. ಬೋರ್ಡಿನ ಮೇಲಲ್ಲದೆ ಅವರ ಎಂಜಿನ್ ಓಡಿದ್ದು ಅದೇ ಮೊದಲು. ಟೌಕೆ ಎಲ್ಲರಿಗೂ ಕೋಪಿ, ಇಲ್ಲಿಯ ಕಾಫಿ, ತರಿಸಿದ. ಮೇಷ್ಟ್ರು ಲೋಟ ಹಿಡಿದುಕೊಂಡು ಕುಡಿಯುವುದನ್ನು ಮರೆತು ನಿಂತಿದ್ದರು. ಮೊಮ್ಮಗಳು, “ತಾತ, ಕ್ರೈಯಿಂಗ್ ಆ?” ಅಂದಳು. “ಹೊಗೆ ಕಣೇ” ಅಂದರು. ಹೊಗೆ ಆಗಲೇ ಹೋಗಿತ್ತು.

ಇನ್ನು ಉಳಿದದ್ದು ಎಂಜಿನ್ನನ್ನು ಗಾಡಿಗೆ ಕೂರಿಸಿ, ಬೆಲ್ಟು, ಬ್ಲೇಡು ಜೋಡಿಸುವುದು. ಅದರಲ್ಲೇ ದಸರೆ ಬಂತು. ಆಯುಧಪೂಜೆಯ ಮಧ್ಯಾಹ್ನದ ಹೊತ್ತಿಗೆ ಕೊನೆಯ ನಟ್ಟು ಬಿಗಿದರು. ಪೂಜೆಯ ಮಾತು ಎತ್ತಿದ್ದು ನಾನಲ್ಲ, ಅವರೇ. ಹಿಂದಿನ ದಿನ ಬಂದು, “ನಾಳೆ ಆಯುಧಪೂಜೆ ಅಲ್ವೇನ್ರಿ? ಸಾಮಾನು ತಂದ್ಬಿಡಿ” ಅಂದಿದ್ದರು. ನನಗೆ ಆಶ್ಚರ್ಯ. ಸೇವಂತಿಗೆ ಹಾರ, ಅರಿಶಿನ ಕುಂಕುಮ, ನಿಂಬೆಹಣ್ಣು, ಬೂದುಗುಂಬಳ ಎಲ್ಲ ತಂದೆ. ಟೌಕೆ ಎರಡು ಬಾಳೆಗಿಡ ತಂದು ಗಾಡಿಯ ಆಚೆ ಈಚೆ ನಿಲ್ಲಿಸಿದ. ಮೇಷ್ಟ್ರೇ ಕುಂಕುಮ ಹಚ್ಚಿದರು. ಎಂಜಿನ್ನಿಗೆ, ಚಕ್ರಕ್ಕೆ, ಸ್ಟಿಯರಿಂಗಿಗೆ, ಮೆಲ್ಲಗೆ, ಒಂದನ್ನೂ ಬಿಡದೆ. ಮಂಗಳಾರತಿ ಮಾಡಿ ಕುಂಬಳಕಾಯಿ ಒಡೆದೆ. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, “ಹತ್ತಿ ಮೇಷ್ಟ್ರೇ, ಒಂದು ಸುತ್ತು ಹೊಡೀರಿ” ಅಂದೆ.

ಅವರು ಬಗ್ಗಿ ನಿಂಬೆಹಣ್ಣುಗಳನ್ನು ಒಂದೊಂದಾಗಿ ತೆಗೆದು ನನ್ನ ತಟ್ಟೆಗೆ ಹಾಕಿದರು.

“ಇವತ್ತು ಓಡಿಸೋ ಹಾಗಿಲ್ಲ.”

“ಚಕ್ರ ಇದೆಯಲ್ರೀ, ಇದು ಗಾಡಿ. ಗಾಡಿ ಅಂದ್ಮೇಲೆ ಪೂಜೆ ಆಗಿ ನಿಂಬೆಹಣ್ಣು ತುಳೀಲೇಬೇಕು. ಮಂಡ್ಯದಲ್ಲಿ ಬಸ್ಸಿಗೂ ಅದೇ, ಸೈಕಲ್ಲಿಗೂ ಅದೇ.”

“ಬ್ಲೇಡ್ ಇದೆಯಲ್ಲ, ಇದು ಆಯುಧ. ಪೂಜೆಗೆ ಇಟ್ಟ ಆಯುಧಾನ ವಿಜಯದಶಮಿ ಬರೋತನಕ ಎತ್ತಬಾರದು.”

“ದೇವರೇ ಇಲ್ಲ ಅನ್ನೋರು ನೀವು!”

“ದೇವರಿಲ್ಲ. ಪದ್ಧತಿ ಇದೆ.”

ಮೊಮ್ಮಗಳು ಅವರ ತೋಳು ಹಿಡಿದು ಜೋತುಬಿದ್ದಳು. “ತಾತಾ, ಒಂದೇ ರೌಂಡ್ ಲಾ. ಪ್ಲೀಸ್. ಕ್ಯಾನ್?”

“ಕೆನಾಟ್ ಲಾ” ಅಂದರು, ಅವಳದೇ ರಾಗದಲ್ಲಿ.

ಟೌಕೆ ಆಕಾಶ ನೋಡಿ, ನಾಳೆ ಮಳೆ ಬಂದರೆ ಅಂಕಲ್ ಏನು ಮಾಡ್ತಾರೆ ಅಂತ ಕೇಳಿದ. ಕೊಡೆ ಹಿಡಿದುಕೊಂಡೇ ಓಡಿಸ್ತೀನಿ ಅಂದರು. ನನಗೆ ತಡೆಯಲಿಲ್ಲ. “ಇಷ್ಟು ವರ್ಷ ಬಳ್ಳಿ ಕೆಳಗೆ ಬಿದ್ಕೊಂಡು ವಿಶ್ರಾಂತಿ ತಗೊಂಡಿದ್ದು ಸಾಲದೇನ್ರೀ ಇದಕ್ಕೆ?” ಅಂದೆ. ಕೆಮ್ಮು ಬರುವ ತನಕ ನಕ್ಕರು. ನಕ್ಕು, ಒಂದು ಕುಂಡವನ್ನು ಬೋರಲು ಹಾಕಿಕೊಂಡು ಕೂತು ಅವರ ಅಪ್ಪನ ಗಿರಣಿಯ ವಿಷಯ ಹೇಳಿದರು. ಅಷ್ಟು ವರ್ಷದ ಪರಿಚಯದಲ್ಲಿ ಅದೊಂದನ್ನು ಹೇಳಿರಲಿಲ್ಲ.

ಅವರ ಅಪ್ಪನಿಗೆ ಹಿಟ್ಟಿನ ಗಿರಣಿ ಇತ್ತಂತೆ. ಮಗ ಗಿರಣಿಯೊಳಗೆ ಕಾಲಿಟ್ಟರೆ ಬೆತ್ತ ತೆಗೆಯುತ್ತಿದ್ದರಂತೆ. ನೀನು ಓದಬೇಕು, ನಿನ್ನ ಕೈ ಇದಕ್ಕೆ ಬೀಳಬಾರದು ಅಂತ. ವರ್ಷವೆಲ್ಲ ಇವರು ರಸ್ತೆಯಲ್ಲಿ ನಿಂತು ಎಂಜಿನ್ನಿನ ಸದ್ದು ಕೇಳುವುದು. ಆಯುಧಪೂಜೆಯ ದಿನ ಮಾತ್ರ ಬೆಲ್ಟು ಕಳಚಿ, ಎಂಜಿನ್ ಒರೆಸಿ, ಅಪ್ಪ ಒಳಕ್ಕೆ ಕರೆಯುತ್ತಿದ್ದರು. ಕುಂಕುಮ ಹಚ್ಚು ಅನ್ನುತ್ತಿದ್ದರು. ಅದು ಓಡದೆ ನಿಂತಿರುವ ಆ ಒಂದು ದಿನ ಇವರು ಅದನ್ನು ಮುಟ್ಟಬಹುದಿತ್ತು.

“ಕೈಯಿಟ್ಟರೆ ತಣ್ಣಗೆ, ಮಲಗಿರೋ ಎಮ್ಮೆ ಮುಟ್ಟಿದ ಹಾಗೆ ಇರೋದು” ಅಂದರು. “ಇವತ್ತು ಅದರ ದಿನ ಕಣೋ, ಇವತ್ತು ಕೆಲಸಕ್ಕೆ ಕರೀಬೇಡ ಅನ್ನೋರು ಅಪ್ಪ. ನಾಳೆ ಓಡಿಸೋಣ ಬಿಡಮ್ಮ. ನಾಳೆ ಮೊದಲು ನಾನು, ಆಮೇಲೆ ನೀನು.”

ಮೊಮ್ಮಗಳು ಮುಖ ಊದಿಸಿಕೊಂಡು ಸ್ಪ್ಯಾನರುಗಳನ್ನು ಡಬ್ಬಿಗೆ ತುಂಬಿದಳು. ಅವರು ಹೊರಡುವ ಮುಂಚೆ ಎಂಜಿನ್ನಿನ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತರು.

ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ಅವತ್ತು ಬಿಸಿಲಿತ್ತು, ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು, ಹಿಂದಿನ ಬಯಲಿನಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಹಟ ಮಾಡುವ ಹುಡುಗಿ ಇದ್ದಳು, ಪುಸಲಾಯಿಸುವ ನಾನಿದ್ದೆ. ಎಲ್ಲ ಇತ್ತು. ಜನ್ಮಪೂರ್ತಿ ಓಡುವ ಯಂತ್ರದಿಂದ ದೂರ ನಿಂತ ಮನುಷ್ಯ, ಇನ್ನೊಂದೇ ಒಂದು ದಿನ ದೂರ ನಿಂತರು. ಅವರಿಗೆ ಅವತ್ತು ಸಂತೋಷವಾಗಿತ್ತು, ಅದು ನನಗೆ ಗೊತ್ತು. ಸಂತೋಷವಾಗಿತ್ತಲ್ಲ ಬಿಡು ಅಂತ ಸಮಾಧಾನ ಹೇಳುವವರಿದ್ದಾರೆ. ನನಗೆ ಆ ಸಮಾಧಾನ ಒಗ್ಗುವುದಿಲ್ಲ. ಎಲೆ ಹಾಕಿ, ಬಡಿಸಿ, ಉಣ್ಣುವ ಮುಂಚೆ ಎದ್ದು ಹೋದವನ ಹೊಟ್ಟೆ ತುಂಬಿತ್ತು ಅಂತ ನಾನು ಮೆಸ್ ನಡೆಸಿದವಳು ಹೇಗೆ ಹೇಳಲಿ?

ವಿಜಯದಶಮಿ ಶನಿವಾರ ಬಂದಿತ್ತು. ಮೊಮ್ಮಗಳು ಬೇಗ ಎದ್ದು ಕೈಗವಸು ಹಿಡಿದುಕೊಂಡು ವಾಯ್ಡ್ ಡೆಕ್ಕಿನಲ್ಲಿ ಅವರಿಗೆ ಕಾಯುತ್ತಿದ್ದಳು. ಅವರ ಬದಲು ಆಂಬುಲೆನ್ಸ್ ಬಂತು. ಲಿಫ್ಟಿನಿಂದ ಅವರನ್ನು ತಲೆಭಾಗ ಎತ್ತಿದ ಸ್ಟ್ರೆಚರಿನ ಮೇಲೆ ತಂದರು, ಎತ್ತರದ ಆಳು, ಕಾಲು ಹೊರಕ್ಕೆ ಚಾಚಿತ್ತು. ಮೂಗು ಬಾಯಿಗೆ ಮಾಸ್ಕ್ ಹಾಕಿದ್ದರು. ಅವಳನ್ನು ನೋಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ನೋಡಿದರು ಅಂತ ಅವಳು ಹೇಳುತ್ತಾಳೆ. ಮಧ್ಯಾಹ್ನದ ಒಳಗೆ ಹೋಗಿಬಿಟ್ಟರು.

ಮಾರನೇ ದಿನ ಸಂಸ್ಕಾರ. ಹೊರಡಿಸುವ ಮುಂಚೆ ನಾವಿಬ್ಬರೂ ಅವರ ಮನೆಗೆ ಹೋದೆವು. ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ನೋಡಿದ್ದೇ ಮೇಷ್ಟ್ರ ಹೆಂಡತಿ ಎದೆ ಬಡಿದುಕೊಂಡರು. “ಆ ಹಾಳು ಮೆಷಿನ್ ನನ್ನ ಗಂಡನ್ನ ತಿಂತು. ಇವಳ ಆಟಕ್ಕೆ ಹೋಯ್ತು ನನ್ನ ಮನೆ” ಅಂದರು. ಮನೆ ತುಂಬ ಜನ. ಎಲ್ಲರೂ ತಿರುಗಿ ಹುಡುಗಿಯನ್ನು ನೋಡಿದರು.

ಹೆಣದ ಮುಂದೆ ನ್ಯಾಯ ಮಾತಾಡಬಾರದು. ಆಕೆಗೂ ಗೊತ್ತಿತ್ತು ಗಂಡನ ಎದೆಯ ವಿಷಯ, ಆಪರೇಷನ್ನಿನ ದಿನ ಸಹ ಗೊತ್ತಿತ್ತು. ಆದರೆ ಅವತ್ತು ಆಕೆಗೆ ಬಯ್ಯಲು ಏನಾದರೂ ಬೇಕಿತ್ತು, ಎದೆಯೊಳಗಿನ ನಾಳವನ್ನು ಬೈದರೆ ಅದಕ್ಕೆ ಕೇಳಿಸುತ್ತದೆಯೇ? ಆಕೆ ಈಗ ಜುರಾಂಗ್ ಈಸ್ಟ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಫೋನ್ ಮಾಡಿದರೆ ಚೆನ್ನಾಗಿ ಮಾತಾಡುತ್ತಾರೆ. ಗಾಡಿಯ ಮಾತು ಆಕೆಯೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಅವತ್ತು ಸಂಜೆ ಮೊಮ್ಮಗಳು ಅನ್ನ ಮುಟ್ಟಲಿಲ್ಲ. ಅಪ್ಪ ಅಮ್ಮ ಕೂರಿಸಿಕೊಂಡು ಏನೇನೋ ಹೇಳಿದರು. ಅವಳು ತನ್ನ ಕೈಯನ್ನೇ ನೋಡಿಕೊಳ್ಳುತ್ತಾ, “ಟೌಕೆಗೆ ಹೇಳಿ, ಲಾರಿಗೆ ಹಾಕ್ಬಿಡ್ಲಿ” ಅಂದಳು. ಈ ವಯಸ್ಸಿನಲ್ಲಿ ಒಳಗೆ ಇಳಿದದ್ದು ಜನ್ಮವೆಲ್ಲ ಕೂತಿರುತ್ತದೆ. ಬಿಟ್ಟರೆ ಇವಳು ಇನ್ನೊಂದು ಸಲ ಸ್ಪ್ಯಾನರ್ ಹಿಡಿಯುವುದಿಲ್ಲ ಅಂತ ನನಗೆ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಅವಳ ಹೊದಿಕೆ ಎಳೆದೆ.

“ಏಳು. ಇವತ್ತು ಸ್ಕೂಲು ಬೇಡ, ನರ್ಸರಿಗೆ ಹೋಗಬೇಕು.”

“ನಾನು ಬರಲ್ಲ.”

“ನಿನ್ನ ಕೇಳಲಿಲ್ಲ. ಏಳು ಅಂದೆ.”

ದಾರಿಯಲ್ಲಿ, ಚಕ್ರ ತಂದ ದಿನ ಎಂಆರ್‌ಟಿಯಲ್ಲಿ ಮೇಷ್ಟ್ರು ಆಡಿದ ಮಾತನ್ನೆಲ್ಲ ಹೇಳಿದೆ. ಎದೆ, ಬೈಪಾಸ್, ಸ್ಪ್ಯಾನರ್, ಎಲ್ಲ. ಅವಳು ರಸ್ತೆ ಮಧ್ಯದಲ್ಲೇ ನಿಂತಳು. “ಅಜ್ಜೀ, ಯು ನ್ಯೂ?” ಅಂದಳು. ಗೊತ್ತಿತ್ತು ಅಂದೆ. “ಹಾಗಾದ್ರೆ ಅಷ್ಟು ಹುಷಾರಿಲ್ದಿರೋರ ಕೈಲಿ ನಾನು ಕೆಲಸ ಮಾಡಿಸ್ದೆ. ಆಂಟಿ ಹೇಳಿದ್ದು ಕರೆಕ್ಟ್” ಅಂದಳು. ನೋಡಿ, ನಿಜ ಹೇಳಿದರೆ ಹಗುರಾಗುತ್ತದೆ ಅಂತಾರೆ. ಇನ್ನೂ ಭಾರವಾಯಿತು. ಮಾತಿನಿಂದ ಆಗುವ ಕೆಲಸ ಇದಲ್ಲ ಅಂದುಕೊಂಡೆ.

ಗಾಡಿ ಶೆಡ್ಡಿನಲ್ಲಿ ಹಾಗೇ ಇತ್ತು, ಹಾರ ಬಾಡಿತ್ತು. ಹಾರ ತೆಗೆದು ಬಿಸಾಕಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನೆರಿಗೆ ಎತ್ತಿಕಟ್ಟಿ, ಟೌಕೆಯ ಭುಜ ಹಿಡಿದು ಹತ್ತಿ ಕೂತೆ.

“ಅಜ್ಜೀ, ವಾಟ್ ಆರ್ ಯು ಡೂಯಿಂಗ್?”

“ಮನುಷ್ಯರನ್ನ ತಿನ್ನೋ ಮೆಷಿನ್ ಅಂತೆ ಇದು. ನನ್ನ ತಿನ್ನಲಿ ನೋಡೋಣ. ಸ್ಟಾರ್ಟ್ ಮಾಡು.”

“ನಿಮಗೆ ಓಡಿಸಕ್ಕೆ ಬರಲ್ಲ!”

“ಅವರಿಗೂ ಬರ್ತಿರಲಿಲ್ಲ. ಸ್ಟಾರ್ಟ್ ಮಾಡು.”

ಕಾಲು ಚಾಚಿದೆ. ಪೆಡಲಿಗೆ ಎಟುಕಲಿಲ್ಲ. ಸೀಟಿನ ತುದಿಗೆ ಜಾರಿದೆ, ಆದರೂ ಎಟುಕಲಿಲ್ಲ. ಅವಳು ಮೇಷ್ಟ್ರ ಕಾಲಿನ ಅಳತೆ ನೋಡಿ ಸೀಟನ್ನು ಹಿಂದಕ್ಕೆ ಬಿಗಿದಿದ್ದಳು.

“ಇದನ್ನ ಮುಂದಕ್ಕೆ ಎಳಿ” ಅಂದೆ.

ಅವಳು ತಲೆ ಅಲ್ಲಾಡಿಸಿದಳು. “ಅದು ತಾತಂಗೆ ಸೆಟ್ ಮಾಡಿದ್ದು.”

“ಗೊತ್ತು. ಅವರು ಬರಲ್ಲ. ಎಳಿ.”

ಟೌಕೆ ಆ ಕಡೆ ಮುಖ ಮಾಡಿಕೊಂಡು ಗಿಡಕ್ಕೆ ನೀರು ಬಿಡುತ್ತಿದ್ದ. ಕೊನೆಗೆ ಅವಳು ಡಬ್ಬಿಯಿಂದ ಸ್ಪ್ಯಾನರ್ ತೆಗೆದಳು. ನನ್ನ ಕಾಲ ಹತ್ತಿರ ಮಂಡಿಯೂರಿ ಕೂತು ಒಂದೊಂದೇ ಬೋಲ್ಟ್ ಸಡಿಲ ಮಾಡಿದಳು. ಅಳುತ್ತಿದ್ದಳು, ಕೈ ಮಾತ್ರ ತಪ್ಪಲಿಲ್ಲ. ಸೀಟು ಮುಂದಕ್ಕೆ ಬಂತು. ಮತ್ತೆ ಬಿಗಿದಳು. ಮೂಗು ಒರೆಸಿಕೊಂಡು, ಇದು ಒತ್ತಿದರೆ ಹೋಗುತ್ತೆ, ಇದು ಒತ್ತಿದರೆ ನಿಲ್ಲುತ್ತೆ ಅಂತ ತೋರಿಸಿ, ಕೀ ತಿರುಗಿಸಿದಳು.

ಹಿಡಿಯಿತು. ನನ್ನ ಹಲ್ಲು, ಬಳೆ, ಮೂಳೆ ಎಲ್ಲ ಒಟ್ಟಿಗೆ ನಡುಗಿದವು. ಒತ್ತಿದೆ. ಹೊರಟಿತು. ಹುಲ್ಲಿಗೆ ಇಳಿಯುವ ಬದಲು ಟೌಕೆಯ ಕುಂಡಗಳ ಸಾಲಿಗೆ ನುಗ್ಗಿತು. ಅವನು ಪೈಪು ಬಿಸಾಕಿ “ಐಯ್ಯಾ!” ಅಂತ ಕೂಗಿದ. ಮೊಮ್ಮಗಳು ಪಕ್ಕದಲ್ಲೇ ಓಡಿ ಬರುತ್ತಾ, “ಬ್ರೇಕ್ ಅಜ್ಜೀ, ಲೆಫ್ಟ್ ಲಾ, ಲೆಫ್ಟ್!” ಅಂತ ಕಿರುಚುತ್ತಿದ್ದಳು. ಎರಡು ದಿನದಿಂದ ಕೇಳದ ದನಿ ಅದು. ಹೇಗೋ ಹುಲ್ಲಿಗೆ ಇಳಿಸಿದೆ. ಸೊಟ್ಟಗೆ ಒಂದು ಸುತ್ತು ಹಾಕಿಕೊಂಡು ಬಂದು ನಿಲ್ಲಿಸಿದೆ. ಹಿಂದೆ ತಿರುಗಿ ನೋಡಿದರೆ ಹುಲ್ಲು ಕತ್ತರಿಸಿಕೊಂಡು ಬಿದ್ದಿತ್ತು.

ಇಳಿದೆ. ಅವಳ ತೋಳು ಹಿಡಿದುಕೊಂಡೆ.

“ಮುಟ್ಟಿ ನೋಡು, ಬದುಕಿದೀನಾ?”

ಅವಳು ಹೂಂ ಅಂದಳು.

“ಹಾಗಾದ್ರೆ ಹತ್ತು” ಅಂದೆ.